ಗೂಡಿನ ಹಿಂದೆ ಬಿಚ್ಚಿಸಿದ ರವಿಕೆ

ಮೂರು ವಾರ ಗ್ವಾಟೆಮಾಲಾದಲ್ಲಿದ್ದು ಬಂದ ಶಂಕರನಾರಾಯಣನಿಗೆ ಅಲ್ಲಿನ ಮೂರು ಸಾವಿರ ವರ್ಷದ ಚರಿತ್ರೆ ಬಾಯಿಪಾಠವಾಗಿತ್ತು. ಕೊಚ್ಚಿಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅವನು ಏಲಕ್ಕಿಯ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ. ಅರಬರ ಕಾಫಿಗೆ ಹೋಗುತ್ತಿದ್ದ ನಮ್ಮ ಏಲಕ್ಕಿಯ ಜಾಗಕ್ಕೆ ಆ ದೇಶದ್ದು ನುಗ್ಗುತ್ತಿದೆ ಎಂದು ಮಟ್ಟಾಂಚೇರಿಯ ವರ್ತಕರು ಗಲಾಟೆ ಮಾಡಿದ ಮೇಲೆ, ಎಪ್ಪತ್ತನಾಲ್ಕರಲ್ಲಿ, ನೋಡಿಕೊಂಡು ಬಾ ಎಂದು ಕಳಿಸಿದ್ದರು. ಏನು ನೋಡಿ ಬಂದನೆಂದು ಇಲಾಖೆಗೆ ಇನ್ನೂ ತಿಳಿದಿರಲಿಲ್ಲ. ಅವನಿದ್ದ ಕಲೂರು ಬಡಾವಣೆಯ ಕನ್ನಡಿಗರಿಗೆ ಮಾತ್ರ ಬೇಡವೆಂದರೂ ತಿಳಿದಿತ್ತು. ಯಾರ ಮನೆಯ ನಾಮಕರಣವಾದರೂ ಸರಿ, ಪಾಯಸದ ಲೋಟ ಕೈಗೆ ಬಂದೊಡನೆ, "ಅಲ್ಲಿಯವರು ಏಲಕ್ಕಿ ಬೆಳೀತಾರೆ, ಮೂಸಿಯೂ ನೋಡಲ್ಲ ಕಣ್ರೀ" ಎಂದು ಶುರು.

ಈಗ ಕನ್ನಡ ಸಂಘದಲ್ಲಿ ಅವನದೇ ಉಪನ್ಯಾಸ. ಅಲ್ಲಿನ ಹೆಂಗಸರು ತಲೆಯಿಂದ ತೂರಿಸಿ ತೊಡುವ ಕಸೂತಿ ರವಿಕೆಯೊಂದನ್ನು ತಂದಿದ್ದ; ಅದನ್ನು ಹೆಂಡತಿ ದಾಕ್ಷಾಯಣಿ ಸೀರೆಯ ಮೇಲೆ ತೊಟ್ಟು ವೇದಿಕೆಯಲ್ಲಿ ಒಂದು ಸುತ್ತು ತಿರುಗಬೇಕಂತೆ.

"ನಾನೇನು ಬಟ್ಟೆ ಅಂಗಡಿ ಬೊಂಬೆಯೇನ್ರೀ?" ಎಂದು ಬೆಳಗ್ಗೆ ಕೇಳಿದ್ದಳು.

"ಬೊಂಬೆ ಎದುರು ಮಾತಾಡಲ್ಲ, ಅದೊಂದು ಅನುಕೂಲ," ಎಂದು ತಾನೇ ನಕ್ಕಿದ್ದ. "ಅಧ್ಯಕ್ಷರಿಗೆ ಮಾತು ಕೊಟ್ಟಾಗಿದೆ."

ಒಲ್ಲೆ ಎಂದರೆ ಮನೆಯಲ್ಲಿ ವಾರಗಟ್ಟಲೆ ಮುಖ ಊದಿಸಿಕೊಂಡ ಗಂಡ. ಹ್ಞೂಂ ಎಂದರೆ ಸ್ವಲ್ಪ ಹೊತ್ತಿನ ನಾಚಿಕೆ. ಮದುವೆಯಾದಾಗಿನಿಂದ ದಾಕ್ಷಾಯಣಿ ಅಗ್ಗದ್ದನ್ನೇ ಆರಿಸಿಕೊಂಡು ಬಂದಿದ್ದಳು.

ಉಪನ್ಯಾಸ ನಡೆದಿದ್ದ ಶಾಲೆಯ ಸಭಾಂಗಣದಲ್ಲಿ, ಪರದೆಯ ಹಿಂದೆ, ಬ್ಯಾಂಕ್ ಮ್ಯಾನೇಜರರ ಹೆಂಡತಿ, ಉಡುಪಿ ಕಡೆಯ ಸರೋಜ, ರವಿಕೆ ತೊಡಿಸಲು ನಿಂತಿದ್ದಳು.

"ತಲೆ ಬಗ್ಗಿಸಿ ಮಾರಾಯ್ರೆ, ಕೊರಳು ಸಣ್ಣ ಉಂಟು."

ತಲೆ ತೂರಿದ ಕೂಡಲೇ ಹೊಗೆಯ ವಾಸನೆ, ಬೆವರಿನ ವಾಸನೆ. ಕಂಕುಳಲ್ಲಿ ಬೇರೆ ಬಣ್ಣದ ದಾರದ ತೇಪೆ. ಎದೆಯ ಭಾಗದಲ್ಲಿ ಒಣಗಿ ಗರಿಗರಿಯಾದ ಕಲೆ. ಮೂರು ಹೆತ್ತ ದಾಕ್ಷಾಯಣಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ.

"ಹೊಸದು, ಅಂಗಡಿಯಿಂದ ತಂದೆ ಅಂದಿದ್ರು," ಎಂದಳು ಮೆಲ್ಲಗೆ.

"ಯಾವ ಅಂಗಡಿ? ಇದು ಬಾಣಂತಿ ಮೈಯಿಂದ ಇಳಿದದ್ದು," ಎಂದಳು ಸರೋಜ.

ಪರದೆಯ ಆಚೆ ಸ್ಲೈಡುಗಳು ಓಡುತ್ತಿದ್ದವು. ವಿಮಾನ ನಿಲ್ದಾಣದಲ್ಲಿ ಕೊಂಡ ಸ್ಲೈಡುಗಳಲ್ಲಿನ ಪಿರಮಿಡ್ಡುಗಳನ್ನು ಶಂಕರನಾರಾಯಣ ತಾನೇ ಹತ್ತಿ ಇಳಿದವನಂತೆ ವರ್ಣಿಸುತ್ತಿದ್ದ. "ಮಾಯಾ ಜನ! ಸೊನ್ನೆ ಕಂಡುಹಿಡಿದವರು. ಸ್ಪೇನಿನವರು ಬಂದರು, ಜರ್ಮನಿಯ ತೋಟದ ಧಣಿಗಳು ಬಂದರು, ಈಗ ಇವರು ಕೂಲಿಗೆ ಏಲಕ್ಕಿ ಕಾಯಿ ಬಿಡಿಸ್ತಾರೆ. ಆದರೆ ಹೆಂಗಸರ ಕೈಕಸುಬು ನೋಡಬೇಕು! ಊರಿಗೊಂದು ನೇಯ್ಗೆ. ರವಿಕೆ ನೋಡಿಯೇ ಯಾವ ಊರಿನವಳು ಅಂತ ಹೇಳಬಹುದು. ತಮ್ಮದು ತಾವೇ ನೇಯ್ದುಕೊಳ್ಳೋದು."

"ಹಾಗಾದ್ರೆ ತಮಗೆ ಹೇಗೆ ಸಿಕ್ಕಿತು ಸಾರ್?" ಅಧ್ಯಕ್ಷ ಸುಬ್ರಾಯರು ಕೇಳಿದರು.

"ಅದೇ ಮಜಾ! ಏಲಕ್ಕಿ ಒಣಗಿಸೋ ಗೂಡಿನ ಹತ್ತಿರ ಒಬ್ಬಳು ತೊಟ್ಟುಕೊಂಡು ನಿಂತಿದ್ದಳು. ಬೆಲೆ ಹೇಳು ಅಂದೆ. ಕೊಡಲ್ಲ ಅಂತ ತಲೆ ಆಡಿಸಿದಳು. ತೋಟದ ಮ್ಯಾನೇಜರು ಅವಳ ಭಾಷೇಲಿ ಒಂದು ಸಲ ಗದರಿದ ನೋಡಿ! ಗೂಡಿನ ಹಿಂದೆ ಹೋಗಿ ಬಿಚ್ಚಿಕೊಟ್ಟಳು. ಮೈಗೆ ಗೋಣಿಚೀಲ ಸುತ್ತಿಕೊಂಡು ಬಂದಳು! ಮಗು ಬೇರೆ ಅಳ್ತಾ ಇತ್ತು."

ಸಭೆ ನಕ್ಕಿತು. ಹೆಂಗಸರ ಸಾಲೂ ನಕ್ಕಿತು.

ದಾಕ್ಷಾಯಣಿ ರವಿಕೆಯನ್ನು ಕೊರಳಿಂದ ಎಳೆದು ತೆಗೆದಳು. ಕೆದರಿದ ಕೂದಲನ್ನು ಸರಿಮಾಡಿಕೊಳ್ಳಲಿಲ್ಲ.

"ಕರೀತಿದ್ದಾರೆ ಮಾರಾಯ್ರೆ, ಏನು ಮಾಡ್ತಿದ್ದೀರಿ?"

"ಹಿಡ್ಕೊಳ್ಳಿ. ನೆಲಕ್ಕೆ ತಾಗಿಸಬೇಡಿ."

ತನ್ನದೇ ಸೀರೆ ರವಿಕೆಯಲ್ಲಿ ಬಂದ ಹೆಂಡತಿಯನ್ನು ಕಂಡು ಶಂಕರನಾರಾಯಣ ಹಲ್ಲು ಕಚ್ಚಿ, "ಎಲ್ಲೇ ಅದು?" ಎಂದ. ಮೈಕು ಅದನ್ನೂ ಊರಿಗೆ ಹೇಳಿತು.

ದಾಕ್ಷಾಯಣಿ ಮೈಕಿನ ಹತ್ತಿರ ಹೋದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ.

"ರೀ, ನಿಮ್ಮ ರೇಷ್ಮೆ ಜುಬ್ಬಾ ಬಹಳ ಚೆನ್ನಾಗಿದೆ. ನನಗೆ ಅದೇ ಬೇಕು. ಬೆಲೆ ಹೇಳಿ, ಬಿಚ್ಚಿಕೊಡಿ. ಅಂಗಡೀದು ಬೇಡ, ಮೈಮೇಲಿರೋದೇ ಆಗಬೇಕು. ಪರದೆ ಹಿಂದೆ ಗೋಣಿಚೀಲ ಇದ್ದರೂ ಇರಬಹುದು, ಸರೋಜ ಹುಡುಕಿ ಕೊಡ್ತಾರೆ."

ಇಡೀ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಂಡಹೆಂಡಿರು ಕಲಿತು ಬಂದ ಹಾಸ್ಯಪ್ರಸಂಗವೆಂದೇ ಎಲ್ಲರೂ ತಿಳಿದರು. ಸುಬ್ರಾಯರಂತೂ ಚಪ್ಪಾಳೆ ತಟ್ಟಿ, "ಭಲೇ! ಕೊಡಿ ಸಾರ್, ಕೊಡಿ!" ಎಂದರು.

ಶಂಕರನಾರಾಯಣ ಮಾತ್ರ ನಗಲಿಲ್ಲ. ಜುಬ್ಬಾಕ್ಕೆಂದು ಅವಳು ಚಾಚಿದ ಕೈ ಹಿಂದಕ್ಕೆ ಹೋಗಲೇ ಇಲ್ಲ. ಅವನ ಕೈ ತಾನಾಗಿಯೇ ಮೇಲೆದ್ದು ಜುಬ್ಬಾದ ಕೊರಳಿನ ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.