ಐವತ್ತೇ ನಿಮಿಷ

ರೆಕ್ಕೆಯ ತುದಿಯ ಕೆಂಪು ದೀಪ ಮಂಜಿನೊಳಗೆ ಹೋಯಿತು, ಹೊರಬಂತು, ಮತ್ತೆ ಹೋಯಿತು, ಇಷ್ಟು ಹೊತ್ತಿಗೆ ಇಳಿದಿರಬೇಕಿತ್ತಲ್ಲ, ಬೆಳಿಗ್ಗೆ ಫೋನಿನಲ್ಲಿ ಅಳಿಯ ಹೇಳಿದ್ದು ಅದೇ ತಾನೆ, ಮಾವ, ಬಸ್ಸಲ್ಲಿ ಬಂದ್ರೆ ಸಂಜೆ ಆಗ್ಬಿಡತ್ತೆ, ವಿಮಾನ ಹತ್ತಿ, ಐವತ್ತೇ ನಿಮಿಷ — ಇವೆರಡು ಊರುಗಳ ನಡುವೆ ಬಸ್ಸು ಓಡಿಸಿಯೇ ತಲೆಗೂದಲು ಬೆಳ್ಳಗಾದವನು ಅವನು, ಬೆಟ್ಟ ಸುತ್ತಿ, ಹೊಳೆ ದಾಟಿ, ಮತ್ತೆ ಬೆಟ್ಟ ಸುತ್ತಿ, ಮೇಲಿಂದ ಹೋದರೆ ಅದರ ಅರ್ಧ ದೂರವೂ ಇಲ್ಲವಂತೆ, ಇಲ್ಲದಿದ್ದರೇನು ಬಂತು, ನೆಟ್ಟಗೆ ಬಂದ ವಿಮಾನ ಈಗ ಗಾಣದೆತ್ತಿನ ಹಾಗೆ ಸುತ್ತುತ್ತಿದೆ, ಕೆಳಗೆ ಏನೂ ಕಾಣಿಸ್ತಿಲ್ವಂತೆ, ಪಕ್ಕದ ಸೀಟಿನ ಹೆಂಗಸು ಹೇಳುತ್ತಾಳೆ, ಕಾಣದಿದ್ದರೆ ಏನಮ್ಮಾ, ಎಂಥೆಂಥ ಮಂಜಿನಲ್ಲಿ ಕಂಡಕ್ಟರನ ಕೈಯಲ್ಲಿ ಟಾರ್ಚು ಹಿಡಿಸಿ ಮುಂದೆ ನಡೆಸಿಕೊಂಡು ಬಂದಿಲ್ಲ ಅವನು, ಇಲ್ಲಿ ಯಾರನ್ನು ಮುಂದೆ ನಡೆಸುವುದು, ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿದೆ, ಅಲ್ಲಿ ಪೆಡಲಿಲ್ಲ, ಒತ್ತುತ್ತಲೇ ಇದೆ. ಮಗಳು ಚಿಕ್ಕವಳಿದ್ದಾಗ ಬಸ್ಸಿನ ಇಂಜಿನ್ ಪೆಟ್ಟಿಗೆಯ ಮೇಲೆ ಕುಳಿತು ಪ್ರಾಣ ತಿನ್ನುತ್ತಿದ್ದಳು, ಅಪ್ಪಾ ಇನ್ನೆಷ್ಟು ದೂರ, ಇಗೋ ಬಂತು ಪುಟ್ಟಿ, ಬೆಟ್ಟ ಹತ್ತುವುದಕ್ಕೂ ಮುಂಚೆ ಇಗೋ ಬಂತು, ಅವಳು ನಂಬುತ್ತಿದ್ದಳು, ನಂಬಿ ನಿದ್ದೆ ಹೋಗುತ್ತಿದ್ದಳು. ವಿಮಾನ ಹತ್ತುವ ಮೊದಲು ಹೆಂಡತಿ ವಿಡಿಯೋ ಕಾಲ್ ಮಾಡಿ ತೋರಿಸಿದಳು — ಸ್ಟ್ರೆಚರ್, ಬೋಳಿಸಿದ ತಲೆ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ಆಪರೇಷನ್ನಿಗೆ ಜಾಸ್ತಿ ಹೊತ್ತು ಕಾಯೋ ಹಾಗಿಲ್ಲ ಅಂದಿದ್ದಾರೆ ಡಾಕ್ಟ್ರು, ಇವಳು ನೋಡಿದ್ರೆ ಅಪ್ಪ ಬರ್ಲಿ ಅಂತಾಳೆ ಕಣ್ರೀ, ಇಗೋ ಬಂದೆ ಮಗಳೇ, ನೋಡಿಲ್ಲಿ, ಅವಳು ಫೋನಿನ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದಳು. ಸ್ಪೀಕರಿನಲ್ಲಿ ಏನೋ ಗೊರಗೊರ, ಹೊರಟ ನಿಲ್ದಾಣಕ್ಕೇ ವಾಪಸ್ಸಂತೆ, ವಾಪಸ್ಸಾ, ಅವನು ಬೆಲ್ಟು ಕಿತ್ತು ಎದ್ದುನಿಂತ, ಗಗನಸಖಿ ಓಡಿಬಂದಳು, ಸರ್, ದಯವಿಟ್ಟು ಕೂತ್ಕೊಳ್ಳಿ, ಮೇಡಂ, ಇಲ್ಲೇ ಕೆಳಗೇ ಇದಾಳೆ ನನ್ನ ಮಗಳು, ಊರಾಚೆ ಎಲ್ಲಾದ್ರೂ ಇಳಿಸ್ಬಿಡಿ, ನಡ್ಕೊಂಡು ಹೋಗ್ತೀನಿ, ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಮೇಡಂ ನಗಲಿಲ್ಲ, ಅವನ ಭುಜ ಹಿಡಿದು ಕೂರಿಸಿದಳು, ಇವಳಿಗೂ ಒಬ್ಬ ಅಪ್ಪ ಇರಬೇಕು, ರೆಕ್ಕೆ ವಾಲಿತು, ಮೋಡವೆಲ್ಲ ಒಂದೇ ಕಡೆ ಜಾರಿತು, ತಾನು ಮಗಳಿಂದ ದೂರವಾಗುತ್ತಿದ್ದೇನೆ, ಅದೂ ಎಂಥ ವೇಗದಲ್ಲಿ, ಜನ್ಮದಲ್ಲಿ ಇಷ್ಟು ವೇಗವಾಗಿ ಅವನು ಎಲ್ಲಿಗೂ ಹೋದವನಲ್ಲ. ಚಕ್ರ ನೆಲ ಮುಟ್ಟಿತು, ಬೆಳಿಗ್ಗೆ ಬಿಟ್ಟ ಅದೇ ನೆಲ, ಅದೇ ಕಂಬ, ಫೋನ್ ಆನ್ ಮಾಡಿದ, ಹೆಂಡತಿಯ ಧ್ವನಿಯಲ್ಲಿ ಅಳುವಿಲ್ಲ, ಅಳದಿರುವುದೇ ಭಯ, ಎಲ್ಲಿದೀರಾ, ಹೊರಟಲ್ಲೇ ಇದೀನಿ ಕಣೇ, ಇಳಿಸ್ಲಿಲ್ಲ ಇವ್ರು, ಟ್ಯಾಕ್ಸಿ ಹಿಡಿದು ಈಗ್ಲೇ ಬರ್ತೀನಿ, ಬೇಡ, ಟ್ಯಾಕ್ಸಿ ಬೇಡ, ಅವಸರ ಏನೂ ಇಲ್ಲ ಇನ್ನು, ನಿಧಾನಕ್ಕೆ ಬನ್ನಿ, ಬಸ್ಸಲ್ಲೇ ಬನ್ನಿ — ನಿಧಾನಕ್ಕೆ ಅಂದರೆ, ಏನೇ ಹಾಗಂದರೆ, ಜನ ಚೀಲ ಇಳಿಸಿಕೊಳ್ಳುತ್ತಿದ್ದಾರೆ, ಸರ್ ದಾರಿ ಬಿಡಿ, ನಿಧಾನಕ್ಕೆ ಅಂದರೆ, ಬೋಳಿಸಿದ ತಲೆ, ಬಾಗಿಲ ಕಡೆ ತಿರುಗಿದ ಮುಖ, ಆ ಬಾಗಿಲು, ಮುಖ, ಬಾಗಿಲು —