ಗೋಣು ಹಾಕಿದವನು

"ಇನ್ನೊಂಚೂರು ಎಡಕ್ಕೆ ಬನ್ನಿ. ಹಾಂ, ಅಲ್ಲೇ ನಿಂತ್ಕೊಳಿ. ಮಂತ್ರಿಗಳ ಭುಜದ ಮೇಲೆ ನಿಮ್ಮ ಮುಖ ಕಾಣ್ಬೇಕು," ಎಂದಳು ಮಂತ್ರಿಯ ಜೊತೆ ಬಂದಿದ್ದ ಹುಡುಗಿ.

ನೆವ್ ಎಡಕ್ಕೆ ಸರಿದ. ಮೂವತ್ತೊಂದು ವರ್ಷದಿಂದ ಅವನು ಈ ಅಲ್ಯೂಮಿನಿಯಂ ಕಾರ್ಖಾನೆಯ ಉಗ್ರಾಣ ನೋಡಿಕೊಂಡಿದ್ದವನು. ಎಲ್ಲಿ ನಿಲ್ಲಬೇಕು ಅಂತ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನ ಮುಂದೆ ಕೈಗಾರಿಕಾ ಮಂತ್ರಿ ಕೆಲಸಗಾರರ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ನಿಂತಿದ್ದರು. ನೆವ್‌ನದೂ ಅದೇ ಅಂಗಿ. ಅವನದು ಒಗೆದೂ ಒಗೆದೂ ಮಾಸಿತ್ತು, ಮಂತ್ರಿಯದರಲ್ಲಿ ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ನೀವೇನೂ ಮಾತಾಡೋದು ಬೇಡ. ಅವರು ಕೆಲಸದ ವಿಷಯ ಹೇಳ್ತಾರಲ್ಲ, ಆಗ ಗೋಣು ಹಾಕಿ ಸಾಕು. ನಿಧಾನವಾಗಿ, ಎರಡು ಸಲ," ಎಂದಳು ಹುಡುಗಿ.

"ನಾನೇ ಯಾಕಮ್ಮ? ಬೇಕಾದಷ್ಟು ಜನ ಇದ್ದಾರಲ್ಲ."

"ನಿಮ್ಮ ಮ್ಯಾನೇಜರ್ ಹೇಳಿದ್ರು. ಊರೆಲ್ಲ ನಿಮ್ಮನ್ನ ನಂಬುತ್ತಂತೆ."

ಅದು ಸುಳ್ಳಲ್ಲ. ಇಪ್ಪತ್ತು ವರ್ಷದಿಂದ ವಾರಿಂಗ್ ಬೇ ಊರಿನ ಫುಟಿ ಎಂಬ ಕಾಲ್ಚೆಂಡಾಟದ ಮೈದಾನದಲ್ಲಿ ಗೋಲು ಕಂಬಗಳ ನಡುವೆ ಬಿಳಿ ಕೋಟು ತೊಟ್ಟು, ಎರಡು ಬಾವುಟ ಹಿಡಿದು ನಿಲ್ಲುವವನು ಅವನೇ. ನೆವ್ ಬಾವುಟ ಬೀಸಿದರೆ ಗೋಲು, ಬೀಸದಿದ್ದರೆ ಇಲ್ಲ, ಎರಡನೇ ಮಾತಿಲ್ಲ. ಒಂದು ವರ್ಷ ಕೊನೆಯ ಪಂದ್ಯದಲ್ಲಿ ಅವನ ಮಗಳು ಶೆರೀ ಒದ್ದ ಚೆಂಡು ಕಂಬಕ್ಕೆ ಕೂದಲೆಳೆಯಷ್ಟು ತಾಗಿ ಒಳಗೆ ಹೋಗಿತ್ತು. ಮೈದಾನದಲ್ಲಿ ಯಾರಿಗೂ ಕಂಡಿರಲಿಲ್ಲ, ಅವನಿಗೆ ಕಂಡಿತ್ತು. ಕಂಬಕ್ಕೆ ತಾಗಿದರೆ ಗೋಲಲ್ಲ ಅನ್ನುವುದು ಈ ಆಟದ ನಿಯಮ, ಅವನು ಗೋಲು ಕೊಡಲಿಲ್ಲ. ಮಗಳ ತಂಡ ಸೋತಿತು, ಅವಳು ಒಂದು ವಾರ ಅಪ್ಪನ ಮುಖ ನೋಡಲಿಲ್ಲ. ಊರು ಮಾತ್ರ ಆ ಕಥೆಯನ್ನು ಇವತ್ತಿಗೂ ಬಿಟ್ಟಿಲ್ಲ.

ಕ್ಯಾಮೆರಾದ ಕೆಂಪು ದೀಪ ಹೊತ್ತಿಕೊಂಡಿತು. ಮಂತ್ರಿ ಗಂಟಲು ಸರಿಮಾಡಿಕೊಂಡರು.

"ಈ ಕಾರ್ಖಾನೆಯ ಒಂದು ಕುಲುಮೆಯೂ ಆರುವುದಿಲ್ಲ. ಒಬ್ಬರ ಕೆಲಸವೂ ಹೋಗುವುದಿಲ್ಲ. ಅಗ್ಗದ ವಿದ್ಯುತ್ತು, ಗಟ್ಟಿಯಾದ ಆರ್ಥಿಕತೆ, ಇದು ನಮ್ಮ ಸರ್ಕಾರದ ಮಾತು."

ಕ್ಯಾಮೆರಾದ ಪಕ್ಕದಲ್ಲಿ ಮ್ಯಾನೇಜರ್ ರೊವೀನಾ ಕೈಕಟ್ಟಿ ನಿಂತು ನೆವ್‌ನನ್ನೇ ನೋಡುತ್ತಿದ್ದಳು. ಅವನ ತಲೆ ಕೆಳಗೆ ಹೋಯಿತು, ಮೇಲೆ ಬಂತು. ಇನ್ನೊಂದು ಸಲ ಹೋಯಿತು, ಬಂತು. ನಿಲ್ಲಿಸಬೇಕು ಅಂದುಕೊಳ್ಳುವಷ್ಟರಲ್ಲಿ ಮೂರನೆಯ ಸಲವೂ ಹೋಗಿ ಬಂತು.

ಅವನಿಗೆ ಗೊತ್ತಿದ್ದದ್ದು ಇಟ್ಟಿಗೆಯ ವಿಷಯ. ಕುಲುಮೆಗಳು ಆರು ವರ್ಷಕ್ಕೆ ಸವೆಯುತ್ತವೆ. ಒಳಗಿನ ಇಟ್ಟಿಗೆ ಕಿತ್ತು ಹೊಸದು ಕಟ್ಟಬೇಕು. ಆ ಇಟ್ಟಿಗೆ ಹಡಗಿನಲ್ಲಿ ಬರುತ್ತದೆ, ಎಂಟು ತಿಂಗಳು ಮೊದಲೇ ಹೇಳಿಟ್ಟಿರಬೇಕು. ಮೂರು ವಾರದ ಹಿಂದೆ ಮೇಲಿನಿಂದ ಒಂದು ಸಾಲಿನ ಅಪ್ಪಣೆ ಬಂದಿತ್ತು: ಮುಂದಿನ ಇಟ್ಟಿಗೆ ಬೇಡ. ಈ ವರ್ಷದ್ದೂ ಬೇಡ, ಬರುವ ವರ್ಷದ್ದೂ ಬೇಡ. ಕುಲುಮೆ ಉರಿಸುವ ಮನಸ್ಸಿದ್ದವರು ಇಟ್ಟಿಗೆ ಬೇಡ ಅನ್ನುತ್ತಾರೆಯೇ? ಅವನು ಕಾಗದ ಹಿಡಿದುಕೊಂಡು ರೊವೀನಾಳ ಕೋಣೆಗೆ ಹೋದಾಗ ಅವಳು ಬಾಗಿಲು ಹಾಕಿಕೊಂಡಳು. "ಚುನಾವಣೆ ಮುಗಿಯೋವರೆಗೂ ಇದು ನಮ್ಮಿಬ್ಬರಲ್ಲೇ ಇರ್ಲಿ ನೆವ್. ಹೊರಗೆ ಹೋದ್ರೆ ಯಾರಿಂದ ಹೋಯ್ತು ಅಂತ ಹುಡುಕೋ ಕಷ್ಟವೇ ಇಲ್ಲ ನಂಗೆ. ಅವತ್ತೇ ಗೇಟಿನಿಂದ ಆಚೆ, ಬರಿಗೈಲಿ," ಎಂದಿದ್ದಳು. ದನಿ ಏರಿಸಿರಲಿಲ್ಲ. ಏರಿಸಿದ್ದರೆ ಅವನಿಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಅವನಿಗೆ ಐವತ್ತೆಂಟು. ಹೆಂಡತಿ ಗ್ಲೆನಿಸ್‌ಗೂ ಹೇಳಿರಲಿಲ್ಲ.

ಮಂತ್ರಿಯ ಕಾರುಗಳು ಹೊರಟ ಮೇಲೆ ಹತ್ತು ಗಂಟೆಯ ಸ್ಮೋಕೋ, ಅಂದರೆ ಚಹಾ ಬಿಡುವು. ಊಟದ ಕೋಣೆಯಲ್ಲಿ ಚಹಾ ಮಗ್ಗುಗಳ ಜೊತೆ ರಾಜಕೀಯವೂ ಕುದಿಯುವ ಹೊತ್ತು ಅದು. ನೆವ್ ಒಳಗೆ ಕಾಲಿಟ್ಟದ್ದೇ ತಡ, ಕುಲುಮೆ ಮನೆಯ ಸ್ಟಾವ್ರೊ ಎದ್ದು ಕೈಮುಗಿದ.

"ಬಂದ್ರು ನೋಡ್ರಪ್ಪ ಕೋಲೆ ಬಸವ! ಏನ್ ಗುರು, ಎಷ್ಟು ಹಿಂಡಿ ಹಾಕಿದ್ರು?"

ಎಲ್ಲರೂ ಗೊಳ್ಳೆಂದರು. ನೆವ್ ನಕ್ಕ ಹಾಗೆ ಮಾಡಿ ಮಗ್ಗಿಗೆ ಬಿಸಿನೀರು ಹಾಕಿಕೊಂಡ. ನೀರು ಮೇಜಿನ ಮೇಲೆಲ್ಲ ಚೆಲ್ಲಿತು.

"ಆ ಅಂಗಿ ನೋಡಿದ್ರಾ?" ಸ್ಟಾವ್ರೊ ಬಿಡಲಿಲ್ಲ. "ಮಡಿಕೆ ಬಿಚ್ಚಿ ಹತ್ತು ನಿಮಿಷ ಆಗಿರ್ಲಿಲ್ಲ. ಮೂರು ವರ್ಷ ಸೂಟು, ಚುನಾವಣೆ ತಿಂಗಳು ನಮ್ಮ ಬಣ್ಣ. ನಾನು ಬನಿಯನ್ ಬದಲಾಯಿಸೋಕಿಂತ ಬೇಗ ಪ್ರಧಾನಿ ಬದಲಾಯಿಸಿದ ದೇಶ ಇದು!"

"ನಿನ್ನ ಬನಿಯನ್ ವಿಷಯ ನಮಗೆ ವಾಸನೇಲೇ ಗೊತ್ತಾಗುತ್ತೆ ಮಾರಾಯ," ಎಂದಳು ಮೊಯಿರಾ. ಅವಳು ಕ್ರೇನ್ ಓಡಿಸುವವಳು, ಕಾರ್ಮಿಕ ಸಂಘದ ಕೆಲಸವೂ ಅವಳದೇ. "ಮಾತು ಕೊಟ್ಟಿದ್ದಾರಲ್ಲ, ಕ್ಯಾಮೆರಾ ಮುಂದೆ. ಅಷ್ಟಾದ್ರೂ ಸಿಕ್ತು."

"ಮಾತು! ಕಬ್ಬಿಣದ ಅದಿರು ಹಡಗು ಹಡಗು ತುಂಬಿ ಹೋಗ್ತಿದೆ, ಅನಿಲ ತುಂಬಿ ಹೋಗ್ತಿದೆ. ನಮ್ಮ ಮನೆ ಕರೆಂಟ್ ಬಿಲ್ಲು ಮಾತ್ರ ಗಗನಕ್ಕೆ. ಬಡ್ಡಿ ಏರಿಸಿದ್ರು ಅಂತ ನನ್ನ ತಂಗಿ ಮನೆ ಮಾರಿದ್ಲು. ಇವರು ಬಂದು ಆರ್ಥಿಕತೆ ಗಟ್ಟಿ ಅಂತಾರೆ. ಯಾರ ಆರ್ಥಿಕತೆ?"

"ಹಾಗಾದ್ರೆ ವೋಟು ಹಾಕ್ಬೇಡ."

"ವೋಟು ಹಾಕದಿದ್ರೆ ಬೀಳೋ ದಂಡ ಯಾರು ಕಟ್ತಾರೆ, ನೀನಾ? ಹೋಗ್ತೀನಿ, ಚೀಟೀಲಿರೋ ಎಲ್ಲ ಹೆಸರಿಗೂ ಕೊನೇ ನಂಬರ್ ಕೊಡೋಕಾಗಲ್ವಲ್ಲ ಅಂತ ಅತ್ಕೊಂಡು, ವೋಟು ಹಾಕೋ ಶಾಲೆ ಬಾಗಿಲಲ್ಲಿ ಸಾಸೇಜು ತಿಂದು ಬರ್ತೀನಿ. ಅದೊಂದೇ ನಂಗೆ ಸರ್ಕಾರದಿಂದ ಸಿಗೋ ಲಾಭ."

"ಆ ಸಾಸೇಜು ಮಾಡೋದು ಶಾಲೆಯ ತಾಯಂದ್ರು ಕಣೋ, ಸರ್ಕಾರ ಅಲ್ಲ," ಎಂದಳು ಮೊಯಿರಾ.

ಮೂಲೆಯಲ್ಲಿ ಕೂತಿದ್ದ ಟ್ರೆಂಟ್ ಮಾತ್ರ ನಗಲಿಲ್ಲ. ಅವನು ಶೆರೀಯ ಗಂಡ. ಅವಳಿಗೆ ಈಗ ಏಳು ತಿಂಗಳು. ಪಶ್ಚಿಮದ ಅದಿರು ಗಣಿಯೊಂದರಿಂದ ಅವನಿಗೆ ಕರೆ ಬಂದಿತ್ತು: ಕೆಲಸವೂ ಇದೆ, ಮನೆಯೂ ಇದೆ, ಶುಕ್ರವಾರ ಮಧ್ಯಾಹ್ನದೊಳಗೆ ಹೇಳಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಇವತ್ತು ಗುರುವಾರ.

"ಮಾವ," ಎಂದು ಅವನು ನೆವ್‌ನ ಪಕ್ಕಕ್ಕೆ ಬಂದ. "ಶೆರೀಗೆ ಅಮ್ಮನ್ನ ಬಿಟ್ಟು ಹೋಗೋಕೆ ಇಷ್ಟ ಇಲ್ಲ. ನಂಗೂ ಇಲ್ಲ. ಸಂಜೆ ನ್ಯೂಸ್ ನೋಡಿ ಇಬ್ರೂ ಕೂತು ಯೋಚನೆ ಮಾಡ್ತೀವಿ."

"ಮಾಡಿ, ಮಾಡಿ," ಎಂದ ನೆವ್. ಥೂ, ಏನು ಮನುಷ್ಯ ನಾನು ಅಂದುಕೊಂಡ.

ಸಂಜೆ ಆರಕ್ಕೆ ಗ್ಲೆನಿಸ್ ಕುರಿಮಾಂಸದ ತಟ್ಟೆಗಳನ್ನು ಟಿವಿಯ ಮುಂದೆಯೇ ತಂದಿಟ್ಟಳು. ಗಂಡ ಕಾಣಿಸಿಕೊಂಡದ್ದೇ ಕೈತಟ್ಟಿದಳು. "ಅಯ್ಯೋ, ತಲೆ ಬಾಚ್ಕೊಂಡು ಹೋಗ್ಬಾರ್ದಿತ್ತಾ? ನೋಡಿ, ನೋಡಿ, ಎಷ್ಟು ಗಂಭೀರವಾಗಿ ಗೋಣು ಹಾಕ್ತಿದ್ದೀರಿ! ಮಂತ್ರಿಗಿಂತ ನೀವೇ ಮಂತ್ರಿ ಹಾಗಿದ್ದೀರಿ."

ನೆವ್‌ಗೆ ಪರದೆಯ ಮೇಲಿನ ಆ ಮುದುಕ ಯಾರೋ ಅನ್ನಿಸಿತು. ಒಳ್ಳೆಯವನ ಹಾಗೆ ಕಾಣುತ್ತಿದ್ದ. ಯಾರಾದರೂ ನಂಬುವ ಮುಖ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಫೋನು ರಿಂಗಾಯಿತು. ಟ್ರೆಂಟ್.

"ಮಾವ, ನೋಡಿದ್ವಿ! ನಂಗೆ ಮಂತ್ರಿ ಮೇಲೆ ನಂಬಿಕೆ ಇರ್ಲಿಲ್ಲ, ನಿಜ ಹೇಳ್ತೀನಿ. ಆದ್ರೆ ಶೆರೀ ಅಂದ್ಲು, ಮಂತ್ರಿನ ಬಿಡು, ಹಿಂದೆ ನಿಂತಿರೋದು ಯಾರು ನೋಡು. ಕಂಬಕ್ಕೆ ತಾಗಿದ ಚೆಂಡಿಗೆ ಹೆತ್ತ ಮಗಳಿಗೇ ಗೋಲು ಕೊಡದೋರು ನಮ್ಮಪ್ಪ, ಅವರು ಗೋಣು ಹಾಕಿದ್ರೆ ಮುಗೀತು ಅಂತ. ನಾಳೆ ಸ್ಮೋಕೋದಲ್ಲಿ ಫೋನ್ ಮಾಡಿ ಬರಲ್ಲ ಅಂದ್ಬಿಡ್ತೀನಿ."

ಹೇಳು, ಈಗಲೇ ಹೇಳು ಎಂದಿತು ಮನಸ್ಸು. ಬಾಗಿಲು ಹಾಕಿಕೊಂಡು ಮೆತ್ತಗೆ ಮಾತಾಡಿದ ರೊವೀನಾ ಕಣ್ಣಿಗೆ ಬಂದಳು. ಟ್ರೆಂಟ್‌ಗೆ ಹೇಳಿದರೆ ಅವನು ಮೊಯಿರಾಗೆ ಹೇಳುತ್ತಾನೆ, ಹೇಳದೆ ಇರುವ ಹುಡುಗನಲ್ಲ. ಮೊಯಿರಾಗೆ ಹೇಳಿದರೆ ನಾಳೆ ಮಧ್ಯಾಹ್ನಕ್ಕೆ ಊರಿಗೆಲ್ಲ ಗೊತ್ತು. ಸಂಜೆಗೆ ತಾನು ಗೇಟಿನ ಆಚೆ.

"ಸರಿ ಕಣಪ್ಪ," ಎಂದ ನೆವ್. ಫೋನಿಟ್ಟ ಮೇಲೂ ಅವನು ತಟ್ಟೆ ಮುಟ್ಟದ್ದನ್ನು ಕಂಡು ಗ್ಲೆನಿಸ್ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಇಟ್ಟಿಗೆಯ ಕೊಟ್ಟಿಗೆಗೆ ಹೋಗಿ ದೀಪ ಹಾಕಿದ. ಹಿಂದೆಲ್ಲ ಸೂರಿನವರೆಗೂ ಪೇರಿಸಿರುತ್ತಿದ್ದ ಜಾಗ. ಈಗ ನೆಲದ ಮೇಲೆ ಹಳದಿ ಗೆರೆಗಳಷ್ಟೇ ಇದ್ದವು, ಮೂಲೆಯಲ್ಲಿ ಒಡೆದ ನಾಲ್ಕು ಇಟ್ಟಿಗೆ. ಇಲ್ಲಿಗೆ ಬೇರೆ ಯಾರೂ ಬರುವುದಿಲ್ಲ. ಕಂಬಕ್ಕೆ ಹತ್ತಿರ ನಿಂತವನು ತಾನೊಬ್ಬನೇ. ಅದು ನೆನಪಾದದ್ದೇ ಅವನು ದೀಪ ಆರಿಸಿ ಹೊರಗೆ ಬಂದ. ಇಷ್ಟು ಹೆದರಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಟ್ರೆಂಟ್‌ನನ್ನು ಒಂಟಿಯಾಗಿ ಕರೆದು ಹೇಳೋಣವೆಂದು ಕುಲುಮೆ ಮನೆಗೆ ಎರಡು ಸಲ ಹೋದ. ಎರಡು ಸಲವೂ ಬಾಗಿಲವರೆಗೆ ಹೋಗಿ ಹಿಂದಿರುಗಿದ.

ಸ್ಮೋಕೋಗೆ ಹೋದರೆ ಊಟದ ಕೋಣೆಯಲ್ಲಿ ರೊವೀನಾ. ಅವಳು ಅಲ್ಲಿಗೆ ಬರುವವಳೇ ಅಲ್ಲ. ಮೇಜಿನ ಮೇಲೆ ಕೊಬ್ಬರಿ ತುರಿ ಉದುರಿಸಿದ ಚಾಕಲೇಟ್ ಕೇಕಿನ ತಟ್ಟೆ.

"ನಿನ್ನೆ ಎಲ್ಲ ಚೆನ್ನಾಗಿ ಆಯ್ತು ಅಂತ ಮಂತ್ರಿಗಳ ಆಫೀಸಿನಿಂದ ಕಳಿಸಿದ್ದಾರೆ. ಮೊದಲು ನೀವು ತಗೊಳಿ ನೆವ್," ಎಂದು ತಟ್ಟೆಯನ್ನು ಅವನ ಕಡೆ ತಳ್ಳಿದಳು.

ನೆವ್ ಒಂದು ತುಂಡು ತೆಗೆದುಕೊಂಡ. ತಿನ್ನಲಿಲ್ಲ.

"ನೋಡ್ರಪ್ಪ, ಮಾತಿನ ಜೊತೆ ಕೇಕೂ ಬಂತು," ಎಂದ ಸ್ಟಾವ್ರೊ ಬಾಯಿ ತುಂಬಿಕೊಂಡು. "ಇದೇ ತರ ಕರೆಂಟೂ ಬಂದ್ರೆ ನಾನು ಅವರ ಫೋಟೋ ಮನೇಲಿ ತೂಗು ಹಾಕ್ತೀನಿ. ನಾಲ್ಕೈದು ಗಂಟೆ ಕರೆಂಟ್ ನಿಂತ್ರೆ ಕುಲುಮೆ ಒಳಗಿನದೆಲ್ಲ ಕಲ್ಲಾಗುತ್ತೆ ಅಂತ ಅವರಿಗೆ ಯಾರಾದ್ರೂ ಹೇಳಿದ್ದೀರಾ?"

"ನಿನ್ನ ಬಾಯಿ ಯಾವಾಗ ಕಲ್ಲಾಗುತ್ತೋ," ಎಂದಳು ಮೊಯಿರಾ. ಅವಳ ತಲೆಯ ಮೇಲೆ ಗೋಡೆಯ ಟಿವಿ ಸದ್ದಿಲ್ಲದೆ ಓಡುತ್ತಿತ್ತು.

ಕಿಟಕಿಯ ಬಳಿ ಟ್ರೆಂಟ್ ಫೋನು ಕೈಗೆತ್ತಿಕೊಂಡ. "ಪಶ್ಚಿಮದಲ್ಲಿ ಈಗಿನ್ನೂ ಎಂಟು ಗಂಟೆ. ಆಫೀಸು ತೆಗೆದಿರುತ್ತೆ," ಎಂದು ತನಗೆ ತಾನೇ ಹೇಳಿಕೊಂಡು ನಂಬರು ಒತ್ತಿ ಕಿವಿಗಿಟ್ಟುಕೊಂಡ.

ನೆವ್ ಅವನ ಕಡೆ ಹೆಜ್ಜೆ ಹಾಕಿದ. ನಡುವೆ ರೊವೀನಾ ನಿಂತಿದ್ದಳು. ನೆವ್ ನಿಂತ.

"ಹಲೋ? ಹೌದು, ಟ್ರೆಂಟ್ ಮಾತಾಡ್ತಿರೋದು. ಕೆಲಸದ ವಿಷಯ... ಒಂದು ನಿಮಿಷ ಇರಿ ಮೇಡಂ." ಟ್ರೆಂಟ್ ಫೋನಿಗೆ ಅಂಗೈ ಮುಚ್ಚಿ ಕೋಣೆಯ ಆಚೆ ಬದಿಯಿಂದ ಮಾವನನ್ನು ನೋಡಿ ನಕ್ಕ. ಚಿಕ್ಕವನಿದ್ದಾಗ ಚೆಂಡು ಒದ್ದು ಹೀಗೆಯೇ ತಿರುಗಿ ನೋಡುತ್ತಿದ್ದ, ಬಾವುಟ ಏಳುತ್ತದೋ ಇಲ್ಲವೋ ಅಂತ. "ಮಾವ, ಹೇಳ್ಬಿಡ್ಲಾ? ಬರಲ್ಲ ಅಂತ?"

ಎಲ್ಲರೂ ನೆವ್ ಕಡೆ ತಿರುಗಿದರು. ರೊವೀನಾ ಕೂಡ ತಿರುಗಿದಳು. ಅವಳ ಮುಖದಲ್ಲಿ ನಗು ಹಾಗೇ ಇತ್ತು.

ನೆವ್‌ನ ಕೈಯಲ್ಲಿದ್ದ ಕೇಕು ಪುಡಿಯಾಗಿ ನೆಲಕ್ಕೆ ಉದುರುತ್ತಿತ್ತು. ಅವನು ಅಳಿಯನ ಕಣ್ಣನ್ನೇ ನೋಡುತ್ತ ತಲೆಯನ್ನು ಅಡ್ಡಡ್ಡ ಆಡಿಸಿದ. ಬರಲ್ಲ ಅನ್ನಬೇಡ ಎಂದು, ಒಂದು ಸಲ. ಯಾರಿಗೂ ಅನುಮಾನ ಉಳಿಯಬಾರದೆಂದು ಇನ್ನೊಂದು ಸಲ.

ಟ್ರೆಂಟ್‌ನ ನಗು ನಿಂತಿತು. ಸ್ಟಾವ್ರೊ ಜಗಿಯುವುದನ್ನು ಬಿಟ್ಟ. ಮೊಯಿರಾ ಮಗ್ಗನ್ನು ಮೆಲ್ಲನೆ ಕೆಳಗಿಟ್ಟು ಮೊದಲು ನೆವ್‌ನನ್ನು, ಆಮೇಲೆ ರೊವೀನಾಳನ್ನು ನೋಡಿದಳು. ಫೋನಿನೊಳಗೆ ಒಬ್ಬ ಹೆಂಗಸು, "ಹಲೋ, ಇದ್ದೀರಾ?" ಎನ್ನುತ್ತಿದ್ದಳು.

ಗೋಡೆಯ ಟಿವಿಯಲ್ಲಿ ನಿನ್ನೆಯ ಸುದ್ದಿ ಮತ್ತೆ ಬಂದಿತ್ತು. ಮಂತ್ರಿಯ ಬಾಯಿ ಆಡುತ್ತಿತ್ತು. ಅವರ ಭುಜದ ಮೇಲೆ ನೆವ್ ನಿಧಾನವಾಗಿ ಎರಡು ಸಲ ಗೋಣು ಹಾಕಿದ. ಆಮೇಲೆ ಯಾರೂ ಕೇಳಿರದ ಮೂರನೆಯದನ್ನೂ ಹಾಕಿದ.