ಕಡಲು ಕೊಟ್ಟದ್ದು

ಬಂಡೆಯ ಮೇಲೆ ಕೂತು ಮುದುಕಿ ಸ್ವೆಟರನ್ನು ಉಜ್ಜುತ್ತಿದ್ದಳು. ಒಗೆಯುವುದಕ್ಕಲ್ಲ, ಹರಿದುಹಾಕುವುದಕ್ಕೆ. ತನ್ನ ಕುರಿಗಳದೇ ಉಣ್ಣೆ, ತನ್ನದೇ ಹೆಣಿಗೆ, ಕಲ್ಲಿಗೂ ಜಗ್ಗುತ್ತಿರಲಿಲ್ಲ. ಅಲೆ ಬಂದಾಗ ಅದ್ದುವಳು, ಮತ್ತೆ ಉಜ್ಜುವಳು. ಕೊನೆಗೆ ತೋಳಿನ ಹತ್ತಿರ ಎಳೆ ಬಿಟ್ಟುಕೊಂಡಿತು.

ಮೀನು ಹಿಡಿಯಲು ಹೋದ ಮಗ ಇಂಥದೇ ಒಂದನ್ನು ತೊಟ್ಟು ಹೋಗಿದ್ದ. ದೋಣಿಯ ಹಲಗೆಗಳು ದಡಕ್ಕೆ ಬಂದವು, ಅವನು ಬರಲಿಲ್ಲ. ಯಾವುದೋ ಹಡಗಿನವರು ಎತ್ತಿಕೊಂಡಿರಬಹುದು, ಇಂದಲ್ಲ ನಾಳೆ ಬಂದಾನು ಎಂದು ಮುದುಕಿ ದಿನಾ ಸಂಜೆ ಈ ಬಂಡೆಯ ಮೇಲೆ ನಿಲ್ಲುತ್ತಿದ್ದಳು. ಸೊಸೆಯನ್ನೂ ನಿಲ್ಲಿಸಿಕೊಳ್ಳುತ್ತಿದ್ದಳು. ಬಂದವನಿಗೆ ತೊಡಿಸಲೆಂದು ಯಾರಿಗೂ ಹೇಳದೆ ಇದನ್ನು ಹೆಣೆದಿಟ್ಟಿದ್ದಳು.

ಎರಡು ಚಳಿಗಾಲ ಕಳೆಯಿತು. ಆಚೆ ದಡದಿಂದ ದ್ವೀಪಕ್ಕೆ ಸಾಮಾನು ತರುವ ದೋಣಿಯವನು ತನ್ನನ್ನು ಮದುವೆಯಾಗುತ್ತೀಯಾ ಎಂದು ಸೊಸೆಯನ್ನು ಕೇಳಿದ. ಒಳ್ಳೆಯವನು, ಹೆಂಡತಿ ತೀರಿಕೊಂಡಿದ್ದಳು. ಸೊಸೆ ಅವನಿಗೆ ಕೊಟ್ಟ ಉತ್ತರ ಗೋಡೆಯಾಚೆ ಇದ್ದ ಮುದುಕಿಯ ಕಿವಿಗೂ ಬಿತ್ತು. "ಮನಸ್ಸಿಲ್ಲ ಅಂತಲ್ಲ. ಆದ್ರೆ ನಾಳೆ ಅವರು ಬಂದು ಬಾಗಿಲಲ್ಲಿ ನಿಂತ್ರೆ? ಯಾವ ಮುಖ ಇಟ್ಕೊಂಡು ನೋಡ್ಲಿ?"

ಮರುದಿನ ಮುದುಕಿ ಹೆಣೆದಿಟ್ಟಿದ್ದ ಸ್ವೆಟರನ್ನು ಎತ್ತಿಕೊಂಡು ಬಂಡೆಗೆ ಹೋದಳು. ಅವನು ಬಂದಾನೆಂಬ ಆಸೆಯನ್ನು ಹುಡುಗಿಯ ತಲೆಗೆ ತುಂಬಿದವಳು ತಾನೇ.

ನೀರು ಸೋರುವ ಸ್ವೆಟರನ್ನು ಹಿಡಿದು ಅಡುಗೆಮನೆಗೆ ಬಂದಳು. ಸೊಸೆ ಹಿಟ್ಟು ನಾದುತ್ತಿದ್ದಳು.

"ಕಡಲು ಕೊಡ್ತು ಕಣೇ."

ಹಿಟ್ಟಿನ ಕೈಯಲ್ಲೇ ಸೊಸೆ ಅದನ್ನು ಮುಟ್ಟಿದಳು. "ಅತ್ತೆ, ಇದು ಅವರದ್ದೇನಾ?"

"ನನ್ನ ಹೆಣಿಗೆ ನನಗೆ ಗೊತ್ತಾಗಲ್ವಾ? ಹೋದ, ಮಗಳೇ. ನನ್ನ ಮಗ ಹೋದ."

ಇಷ್ಟು ದಿನ ಆ ಮಾತನ್ನು ಅವಳು ಬಾಯಿಗೆ ತಂದಿರಲಿಲ್ಲ. ಸುಳ್ಳಿಗೆಂದು ಆಡಿದ ಮಾತು ಎದೆಯನ್ನು ಸೀಳಿಕೊಂಡು ಹೊರಬಂತು. ಇಬ್ಬರೂ ನೆಲದ ಮೇಲೆ ಕುಸಿದು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

ಊರಿನವರು ಸ್ವೆಟರನ್ನೇ ಮಣ್ಣು ಮಾಡಿ, ಮೇಲೊಂದು ಕಲ್ಲು ನೆಟ್ಟರು. ಕಡಲು ಶಾಂತವಾದ ಮೇಲೆ ಸೊಸೆ ದೋಣಿಯವನಿಗೆ ಹೂಂ ಎಂದು ಅವನ ದೋಣಿ ಹತ್ತಿದಳು.

"ನೀವೂ ಬಂದ್ಬಿಡಿ ಅತ್ತೆ."

"ಕುರಿಗಳನ್ನ ನಿಮ್ಮಪ್ಪ ನೋಡ್ಕೋತಾನಾ? ಹೋಗು, ಚೆನ್ನಾಗಿರು."

ಸೊಸೆ ಅಳುತ್ತಲೇ ನಕ್ಕಳು. ದೋಣಿ ಚುಕ್ಕೆಯಾಗುವವರೆಗೂ ಮುದುಕಿ ಕೈ ಬೀಸಿದಳು.

ಅಂದು ಸಂಜೆ ಕಾಲುಗಳು ತಾವಾಗಿಯೇ ಅವಳನ್ನು ಬಂಡೆಗೆ ಕರೆದೊಯ್ದವು. ದೂರದಲ್ಲಿ ಏನೋ ಕಪ್ಪಗೆ ತೇಲುತ್ತಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದಳು. ಹತ್ತಿರದ ದೀಪಸ್ತಂಭದ ಕಾವಲುಗಾರ ಮೆಟ್ಟಿಲಿಳಿದು ಬಂದು ಮೆಲ್ಲಗೆ ಅವಳ ಭುಜ ಹಿಡಿದ.

"ಇನ್ನು ಯಾರಿಗೆ ಅಂತ ಕಾಯ್ತೀಯಮ್ಮ? ಮಣ್ಣು ಕೊಟ್ಟಾಯ್ತಲ್ಲ. ಬಾ, ಮನೆಗೆ ಬಿಡ್ತೀನಿ."

ಅವಳು ಕಣ್ಣಿಗೆ ಹಿಡಿದಿದ್ದ ಕೈ ಇಳಿಸಿದಳು. "ಹೌದಪ್ಪಾ" ಎಂದು ಅವನ ಹಿಂದೆ ನಡೆದಳು.

ಕಾವಲುಗಾರ ಹೋದ ಸ್ವಲ್ಪ ಹೊತ್ತಿಗೆ ಗಾಳಿ ಎದ್ದು ಮಳೆ ಹಿಡಿಯಿತು. ಬಾಗಿಲು ದಡಬಡ ಎಂದಿತು. ಮುದುಕಿ ಎದ್ದು, ಕೂತು, ಮತ್ತೆ ಎದ್ದು ಹೋಗಿ ತೆರೆದಳು. ಕುರಿಯೊಂದು ಚೌಕಟ್ಟಿಗೆ ಮೈ ಉಜ್ಜುತ್ತ ನಿಂತಿತ್ತು. ಅದರ ಒದ್ದೆ ಉಣ್ಣೆಯೊಳಗೆ ಬೆರಳುಗಳನ್ನು ಹುದುಗಿಸಿ ಅವಳು ಹೊಸ್ತಿಲ ಮೇಲೆಯೇ ಕೂತಳು.